ಬೆಂಗಳೂರಿನಲ್ಲಿ ಒಂದು ವಾರದ ಕಲೆ: ಯಾವ ಮ್ಯೂಸಿಯಂ, ಯಾವ ಕಾರ್ಯಕ್ರಮ, ಯಾರಿಗೆ?

ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಹೋಗುವುದೋ, ಕಸ್ತೂರ್ಬಾ ರಸ್ತೆಯ ಮ್ಯಾಪ್ (ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ) ಕಡೆಗೆ ಹೋಗುವುದೋ? ಚಿತ್ರಕಲಾ ಪರಿಷತ್ತಿನಲ್ಲಿ ಅರ್ಧ ದಿನ ಕಳೆಯುವುದೋ, ಕಲಾವಿದ ಕೆ. ವೆಂಕಟಪ್ಪನವರ ಜಲವರ್ಣಗಳ ಮುಂದೆ ಒಂದು ಗಂಟೆ ನಿಲ್ಲುವುದೋ? ದಸರೆ ಅಥವಾ ಬೇಸಿಗೆ ರಜೆ ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಮಕ್ಕಳಿಗೆ ರಜೆ, ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ವಿದೇಶದಿಂದ ತಂಗಿಯ ಸಂಸಾರ ಬಂದಿದೆ, ಕೈಯಲ್ಲಿರುವುದು ಒಂದು ವಾರ. ಜೊತೆಗೆ ಆ ವಾರದ ಕಾರ್ಯಕ್ರಮ ಪಟ್ಟಿಯಲ್ಲಿ ಉಪನ್ಯಾಸ, ಕ್ಯುರೇಟರ್ (ಪ್ರದರ್ಶನವನ್ನು ಆಯ್ದು ಜೋಡಿಸುವವರು) ಜೊತೆ ನಡಿಗೆ, ಮಕ್ಕಳ ಕಾರ್ಯಾಗಾರ, ಚಲನಚಿತ್ರ ಪ್ರದರ್ಶನ ಎಲ್ಲವೂ ಇರುತ್ತವೆ. ಎಲ್ಲವನ್ನೂ ನೋಡಲು ಹೊರಟರೆ ಮೂರನೇ ದಿನಕ್ಕೆ ಕಾಲು ಸೋಲುತ್ತದೆ, ಐದನೇ ದಿನಕ್ಕೆ ಯಾವ ಚಿತ್ರವನ್ನು ಎಲ್ಲಿ ನೋಡಿದೆವು ಎಂಬುದೂ ಕಲಸಿಹೋಗುತ್ತದೆ. ಒಂದು ವಾರಕ್ಕೆ ಎರಡು ಜಾಗ, ಒಂದು ಕಾರ್ಯಕ್ರಮ ಸಾಕು. ಯಾವ ಎರಡು, ಯಾವ ಒಂದು ಎಂಬುದನ್ನು ತೀರ್ಮಾನಿಸಲು ನೆರವಾಗುವುದು ಈ ಬರಹದ ಕೆಲಸ.

ಮೊದಲು ಯಾವುದನ್ನು ಅಳೆಯಬೇಕು

ಹೆಚ್ಚಿನವರು ಮೊದಲು ನೋಡುವುದು ಟಿಕೆಟ್ ದರವನ್ನು. ಬೆಂಗಳೂರಿನ ಮಟ್ಟಿಗೆ ಅದು ಕೊನೆಯ ಮಾನದಂಡವಾಗಬೇಕು. ಇಲ್ಲಿನ ಅತಿ ದುಬಾರಿ ಕಲಾ ಮ್ಯೂಸಿಯಂ ಕೂಡ ಒಂದು ಮಲ್ಟಿಪ್ಲೆಕ್ಸ್ ಸಿನಿಮಾಕ್ಕಿಂತ ಹೊರೆಯಲ್ಲ.

ಮೊದಲ ಮಾನದಂಡ, ಆ ವಾರ ಗೋಡೆಯ ಮೇಲೆ ನಿಜಕ್ಕೂ ಏನಿದೆ ಎಂಬುದು. ಮ್ಯೂಸಿಯಂನ ಸಂಗ್ರಹ ಬೇರೆ, ಪ್ರದರ್ಶನ ಬೇರೆ. ಸಂಗ್ರಹದಲ್ಲಿ ಸಾವಿರಾರು ಕೃತಿಗಳಿದ್ದರೂ ಒಂದು ಹೊತ್ತಿಗೆ ಹೊರಗಿರುವುದು ಅದರ ಚಿಕ್ಕ ಭಾಗ. ಜಲವರ್ಣ, ಛಾಯಾಚಿತ್ರ, ಬಟ್ಟೆ ಇವು ಬೆಳಕಿಗೆ ಮಾಸುತ್ತವೆ. ಹಾಗಾಗಿ ಇವನ್ನು ಸುಮಾರು 50 ಲಕ್ಸ್‌ನ (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕಿನಲ್ಲಿಟ್ಟು, ಕೆಲವು ತಿಂಗಳ ನಂತರ ಕತ್ತಲೆಯ ಸಂಗ್ರಹಾಗಾರಕ್ಕೆ ಮರಳಿಸುತ್ತಾರೆ. ತೈಲವರ್ಣ 200 ಲಕ್ಸ್‌ವರೆಗೆ ತಾಳುತ್ತದೆ. ಕಲ್ಲು ಮತ್ತು ಲೋಹಕ್ಕೆ ಈ ಚಿಂತೆಯಿಲ್ಲ. ಒಂದು ನಿರ್ದಿಷ್ಟ ಕೃತಿಗಾಗಿಯೇ ಹೊರಟಿದ್ದರೆ ಅದು ಈಗ ಪ್ರದರ್ಶನದಲ್ಲಿದೆಯೇ ಎಂದು ಫೋನ್ ಮಾಡಿ ಕೇಳಿ. ಎರಡು ಪ್ರದರ್ಶನಗಳ ನಡುವಿನ ದಿನಗಳು ಇನ್ನೊಂದು ಬಲೆ. ಹಳೆಯದನ್ನು ಇಳಿಸಿ, ಗೋಡೆಗೆ ಬಣ್ಣ ಬಳಿದು, ಹೊಸದನ್ನು ತೂಗುಹಾಕುವ ಹೊತ್ತಿನಲ್ಲಿ ಒಂದಿಡೀ ಅಂತಸ್ತೇ ಮುಚ್ಚಿರುತ್ತದೆ. ಬಂದವರು ನಿರಾಶರಾಗಿ ಮರಳುವುದಕ್ಕೆ ಇದೇ ದೊಡ್ಡ ಕಾರಣ.

ಎರಡನೆಯದು, ಜೊತೆಗೆ ಯಾರು ಬರುತ್ತಾರೆ ಎಂಬುದು. ಆರು ವರ್ಷದ ಮಗುವಿಗೂ ಎಪ್ಪತ್ತು ದಾಟಿದ ಅಜ್ಜಿಗೂ ಒಂದೇ ಜಾಗ ಒಗ್ಗುವುದಿಲ್ಲ. ಮೂರನೆಯದು, ನಿಮಗೆ ಬೇಕಿರುವುದು ನೋಟವೋ, ತಿಳಿವೋ, ಕೈಕೆಲಸವೋ ಎಂಬುದು. ನೋಡುವುದಕ್ಕೆ ವಾರದ ನಡುವಿನ ಬೆಳಗ್ಗೆ ಸಾಕು. ತಿಳಿಯುವುದಕ್ಕೆ ನಡಿಗೆಯೋ ಉಪನ್ಯಾಸವೋ ಬೇಕು, ಕೈಗೆ ಬಣ್ಣ ಹತ್ತಬೇಕಾದರೆ ಕಾರ್ಯಾಗಾರ. ನಾಲ್ಕನೆಯದು ಭಾಷೆ. ಉಪನ್ಯಾಸ, ನಡಿಗೆಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲೇ ನಡೆಯುತ್ತವೆ. ಎಂಟು ಹತ್ತು ಜನರ ಗುಂಪಾಗಿ, ವಾರ ಹತ್ತು ದಿನ ಮೊದಲೇ ಕನ್ನಡದಲ್ಲಿ ವಿವರಣೆ ಬೇಕೆಂದು ಬರೆದು ಕೇಳಿ. ಬಾಗಿಲಲ್ಲಿ ನಿಂತು ಕೇಳಿದರೆ ಆಗದ ಕೆಲಸ ಮುಂಚಿತವಾಗಿ ಕೇಳಿದರೆ ಆಗುತ್ತದೆ. ಕೇಳುವವರಿಲ್ಲದೆ ಕನ್ನಡದ ನಡಿಗೆಗಳು ಹೆಚ್ಚುವುದಿಲ್ಲ.

ಸೋಮವಾರವನ್ನು ಲೆಕ್ಕದಿಂದಲೇ ತೆಗೆದುಬಿಡಿ. ರಾಷ್ಟ್ರೀಯ ಗ್ಯಾಲರಿ, ಮ್ಯಾಪ್, ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯ, ವೆಂಕಟಪ್ಪ ಚಿತ್ರಶಾಲೆ ಎಲ್ಲಕ್ಕೂ ಅಂದು ರಜೆ. ನಿಮ್ಮ ವಾರ ಮಂಗಳವಾರದಿಂದ ಭಾನುವಾರದವರೆಗೆ, ಆರು ದಿನ.

ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಅರಮನೆ ರಸ್ತೆ

ಭಾರತದ ಆಧುನಿಕ ಕಲೆಯ ಕಥೆಯನ್ನು ಮೊದಲಿನಿಂದ ತಿಳಿಯಬೇಕೆನ್ನುವವರು ಇಲ್ಲಿಂದ ಶುರುಮಾಡಬೇಕು. ದೆಹಲಿ, ಮುಂಬೈ ಬಿಟ್ಟರೆ ಈ ಸಂಸ್ಥೆ ಇರುವುದು ಬೆಂಗಳೂರಿನಲ್ಲಿ ಮಾತ್ರ. ಹಿಂದೆ ಮೈಸೂರು ಯುವರಾಜರ ಒಡೆತನದಲ್ಲಿದ್ದು, ಆಮೇಲೆ ಗಣಿ ಉದ್ಯಮಿ ಮಾಣಿಕ್ಯವೇಲು ಮೊದಲಿಯಾರರ ಕೈಸೇರಿದ ಬಂಗಲೆಯಲ್ಲಿ 2009ರ ಫೆಬ್ರುವರಿಯಲ್ಲಿ ಇದು ತೆರೆಯಿತು. ಹಳೆಯ ಬಂಗಲೆಗೆ ಒತ್ತಿ ಹೊಸ ಗ್ಯಾಲರಿ ಕಟ್ಟಡವಿದೆ, ಸುತ್ತ ದೊಡ್ಡ ಮರಗಳ ಅಂಗಳವಿದೆ.

ಭಾರತೀಯರಿಗೆ ಪ್ರವೇಶ 20 ರೂಪಾಯಿ, ವಿದೇಶಿಯರಿಗೆ 500. ಹೊರನಾಡ ಕನ್ನಡಿಗರು ಗಮನಿಸಬೇಕಾದ ಮಾತೊಂದಿದೆ. ವಿದೇಶಿ ಪಾಸ್‌ಪೋರ್ಟ್ ಇದ್ದರೂ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇರುವವರಿಗೆ ಸ್ಮಾರಕ ಮತ್ತು ಮ್ಯೂಸಿಯಂ ಪ್ರವೇಶ ಶುಲ್ಕದಲ್ಲಿ ಭಾರತೀಯರ ದರವೇ ಅನ್ವಯಿಸಬೇಕೆಂದು ಕೇಂದ್ರ ಸರ್ಕಾರದ ಅಧಿಸೂಚನೆಯಿದೆ. ಕಾರ್ಡನ್ನು ಮನೆಯಲ್ಲಿ ಬಿಟ್ಟು ಬಂದರೆ ನಾಲ್ವರ ಕುಟುಂಬಕ್ಕೆ 80ರ ಜಾಗದಲ್ಲಿ 2,000 ಕೇಳಬಹುದು.

ಹೊರನಾಡಿನವರಿಗೆ ಈ ಜಾಗ ಮುಖ್ಯವಾಗಲು ಇನ್ನೂ ಗಟ್ಟಿಯಾದ ಕಾರಣವಿದೆ. 1972ರ ಪುರಾವಸ್ತು ಮತ್ತು ಕಲಾ ನಿಧಿ ಕಾಯ್ದೆಯಡಿ ರವಿವರ್ಮ, ರವೀಂದ್ರನಾಥ, ಅವನೀಂದ್ರನಾಥ ಮತ್ತು ಗಗನೇಂದ್ರನಾಥ ಟ್ಯಾಗೋರ್, ನಂದಲಾಲ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್, ಶೈಲೋಜ್ ಮುಖರ್ಜಿ, ನಿಕೊಲಸ್ ರೋರಿಕ್ ಈ ಒಂಬತ್ತು ಮಂದಿಯ ಕೃತಿಗಳನ್ನು ಕಲಾ ನಿಧಿಯೆಂದು ಘೋಷಿಸಲಾಗಿದೆ. ದೇಶದೊಳಗಿರುವ ಇವರ ಕೃತಿಗಳನ್ನು ಮಾರಾಟಕ್ಕಾಗಿ ಹೊರಗೆ ಸಾಗಿಸುವಂತಿಲ್ಲ. ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವವರಿಗೆ ಇವರಲ್ಲಿ ಹೆಚ್ಚಿನವರ ಮುಖ್ಯ ಕೃತಿಗಳು ಸಿಗುವುದು ಊರಿಗೆ ಬಂದಾಗಲೇ. ಆದರೆ ಶೇರ್‌ಗಿಲ್ ಅವರ ದೊಡ್ಡ ಸಂಗ್ರಹವಿರುವುದು ಇದೇ ಸಂಸ್ಥೆಯ ದೆಹಲಿ ಗ್ಯಾಲರಿಯಾದ ಜೈಪುರ ಹೌಸ್‌ನಲ್ಲಿ. ಬೆಂಗಳೂರಿನಲ್ಲಿ ಕಾಣಸಿಗುವುದು ಆಯ್ದ ಕೆಲವು. ಅವರಿಗಾಗಿಯೇ ಬರುವವರು ಮೊದಲು ವಿಚಾರಿಸಿಕೊಳ್ಳಿ.

ಎರಡೂವರೆ ಗಂಟೆ ಇಟ್ಟುಕೊಳ್ಳಿ. ಬಂಗಲೆಯ ಕೋಣೆಗಳನ್ನು ಮೊದಲು ನೋಡಿ, ತಾತ್ಕಾಲಿಕ ಪ್ರದರ್ಶನವಿದ್ದರೆ ಆಮೇಲೆ ಅತ್ತ ಹೋಗಿ. ಈ ಸಾಲು ತಿರುವುಮುರುವಾದರೆ ದೊಡ್ಡ ಕ್ಯಾನ್ವಾಸುಗಳನ್ನು ನೋಡಿ ದಣಿದ ಕಣ್ಣಿಗೆ ಚಿಕ್ಕ ಜಲವರ್ಣಗಳು ಹಿಡಿಯುವುದೇ ಇಲ್ಲ. ಕೊರತೆಯೆಂದರೆ ಗೋಡೆಯ ಮೇಲಿನ ವಿವರಣೆ ಚುಟುಕು. ಕಲಾವಿದರ ಹೆಸರು, ವರ್ಷ, ಮಾಧ್ಯಮ, ಅಷ್ಟೇ. ಹಿನ್ನೆಲೆ ಗೊತ್ತಿಲ್ಲದವರು ಮುಂಚೆಯೇ ಅರ್ಧ ಗಂಟೆ ಓದಿಕೊಂಡು ಬಂದರೆ ಬಂದದ್ದಕ್ಕೆ ಬೆಲೆ. ಚಿಕ್ಕ ಮಕ್ಕಳಿಗೆ ಒಳಗಿನ ಗ್ಯಾಲರಿಗಿಂತ ಅಂಗಳದ ಶಿಲ್ಪಗಳೇ ಇಷ್ಟವಾಗುತ್ತವೆ. ಅಲ್ಲಿ ಅವರನ್ನು ಅರ್ಧ ಗಂಟೆ ಬಿಟ್ಟರೆ ತಪ್ಪಿಲ್ಲ.

ಮೆಟ್ರೊದಲ್ಲಿ ಬರುವವರು ವಿಧಾನಸೌಧ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿಯುವುದು ಸಲೀಸು.

ಮ್ಯಾಪ್, ಕಸ್ತೂರ್ಬಾ ರಸ್ತೆ

ಕಲೆ ಮತ್ತು ಛಾಯಾಚಿತ್ರಗಳ ಈ ಮ್ಯೂಸಿಯಂ ಕೊರೊನಾ ಕಾಲದಲ್ಲಿ, 2020ರ ಡಿಸೆಂಬರಿನಲ್ಲಿ ಮೊದಲು ಆನ್‌ಲೈನ್‌ನಲ್ಲಿ ತೆರೆಯಿತು. ಕಟ್ಟಡದ ಬಾಗಿಲು ತೆರೆದದ್ದು 2023ರ ಫೆಬ್ರುವರಿಯಲ್ಲಿ. ಸಂಸ್ಥಾಪಕ ಅಭಿಷೇಕ್ ಪೊದ್ದಾರ್ ಅವರ ಸಂಗ್ರಹವೇ ಇದರ ಬುನಾದಿ. ಹೊರಗೋಡೆಗೆ ಉಬ್ಬು ಗುರುತಿನ ಉಕ್ಕಿನ ಫಲಕಗಳನ್ನು ಹೊದಿಸಿರುವುದರಿಂದ ಕಟ್ಟಡ ಹಳೆಯ ನೀರಿನ ಟ್ಯಾಂಕಿನಂತೆ ಕಾಣುತ್ತದೆ. ವಾಸ್ತುಶಿಲ್ಪಿಗಳಾದ ಮ್ಯಾಥ್ಯೂ ಮತ್ತು ಘೋಷ್ ಬೇಕೆಂದೇ ಹಾಗೆ ರೂಪಿಸಿದ್ದಾರೆ.

ರಾಷ್ಟ್ರೀಯ ಗ್ಯಾಲರಿಗೂ ಇದಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ಅಲ್ಲಿ ಹೆಸರಾಂತ ಕಲಾವಿದರ ಸಾಲು. ಇಲ್ಲಿ ಕಂಚಿನ ಮೂರ್ತಿ, ಸಿನಿಮಾ ಪೋಸ್ಟರ್, ಜನಪದ ಮತ್ತು ಆದಿವಾಸಿ ಚಿತ್ರ, ಸೀರೆ, ಗಿರಣಿ ಬಟ್ಟೆಗೆ ಅಂಟಿಸುತ್ತಿದ್ದ ಬಣ್ಣದ ಲೇಬಲ್, ಸ್ಟುಡಿಯೊ ಫೋಟೊ ಎಲ್ಲವೂ ಒಂದೇ ಸೂರಿನಡಿ. ಜ್ಯೋತಿ ಭಟ್ ಅವರ ಛಾಯಾಚಿತ್ರ ಭಂಡಾರವೂ ಇಲ್ಲಿದೆ. ಹಳ್ಳಿಯ ಗೋಡೆ ಮತ್ತು ಅಂಗಳದ ಚಿತ್ರಗಳನ್ನು ದಶಕಗಳ ಕಾಲ ಕ್ಯಾಮೆರಾದಲ್ಲಿ ಹಿಡಿದವರು ಅವರು. ರಂಗೋಲಿ, ಹಸೆ ಬರೆದು ಬೆಳೆದ ಮನೆಯ ಅಜ್ಜಿಯರು ಇಂಥ ಚಿತ್ರಗಳ ಮುಂದೆ ನಿಂತರೆ ಮಾತಿಗೆ ತೊಡಗುತ್ತಾರೆ. 'ಮಾಡರ್ನ್ ಆರ್ಟ್ ನಮಗೆ ತಿಳಿಯದು' ಎನ್ನುವ ಹಿರಿಯರನ್ನು ಕರೆದೊಯ್ಯಲು ಇದಕ್ಕಿಂತ ಒಳ್ಳೆಯ ಜಾಗ ನಗರದಲ್ಲಿಲ್ಲ ಎಂದೇ ನನ್ನ ಅಭಿಪ್ರಾಯ.

ಗಾಲಿಕುರ್ಚಿಯವರಿಗೂ ಮೆಟ್ಟಿಲು ಹತ್ತಲಾಗದವರಿಗೂ ಮೊದಲ ಆಯ್ಕೆ ಇದೇ ಆಗಬೇಕು. ಹೊಸ ಕಟ್ಟಡವಾದ್ದರಿಂದ ಲಿಫ್ಟ್, ಶೌಚಾಲಯಗಳನ್ನು ಅದಕ್ಕೆ ತಕ್ಕಂತೆಯೇ ಕಟ್ಟಿದ್ದಾರೆ. ಮುಟ್ಟಿ ನೋಡುವ ಕೃತಿಗಳನ್ನೂ ಬ್ರೈಲ್ ವಿವರಣೆಗಳನ್ನೂ ಯೋಜಿಸಿ ಇಟ್ಟಿದ್ದಾರೆ. ವಿವರಣಾ ಫಲಕಗಳು ದೀರ್ಘವಾಗಿದ್ದು, ಓದುವವರಿಗೆ ಹೊಟ್ಟೆ ತುಂಬುತ್ತದೆ.

ಇಲ್ಲಿ ಟಿಕೆಟ್ ಹತ್ತಿಪ್ಪತ್ತು ರೂಪಾಯಿಯ ಲೆಕ್ಕದ್ದಲ್ಲ, ನೂರರ ಲೆಕ್ಕದ್ದು. ಪ್ರದರ್ಶನ ಮತ್ತು ಕಾರ್ಯಾಗಾರಕ್ಕೆ ಶುಲ್ಕ ಬೇರೆ ಬೇರೆ ಇರಬಹುದು. ಬುಕ್ ಮಾಡುವಾಗ ಯಾವುದಕ್ಕೆ ದುಡ್ಡು ಕೊಡುತ್ತಿದ್ದೀರಿ ಎಂದು ಓದಿಕೊಳ್ಳಿ. ಕಟ್ಟಡ ಮೇಲಕ್ಕೆ ಬೆಳೆದಿದೆ, ಅಡ್ಡಕ್ಕಲ್ಲ. ಹಾಗಾಗಿ ಮಧ್ಯಾಹ್ನದ ಹೊತ್ತಿಗೆ, ಅದರಲ್ಲೂ ಶನಿವಾರ ಭಾನುವಾರ, ಗ್ಯಾಲರಿಗಳು ಬೇಗ ತುಂಬುತ್ತವೆ. ಬಟ್ಟೆ ಮತ್ತು ಫೋಟೊ ಪ್ರದರ್ಶನಗಳು ಬೇಕೆಂದೇ ಮಂದ ಬೆಳಕಿನಲ್ಲಿರುತ್ತವೆ. ಹೊರಗಿನ ಬಿಸಿಲಿಂದ ನೇರ ಒಳಗೆ ಹೋದರೆ ಐದು ಹತ್ತು ನಿಮಿಷ ಕಣ್ಣು ಹೊಂದಿಕೊಳ್ಳುವುದಿಲ್ಲ. ಕೆಳಗೆ ಸ್ವಲ್ಪ ಹೊತ್ತು ಕೂತು, ಓದುವ ಕನ್ನಡಕ ಹಾಕಿಕೊಂಡೇ ಹೋಗಿ. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಿಂದ ನಡೆದೇ ಬರಬಹುದು. ಈ ಭಾಗದಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲಿ ಅರ್ಧ ಗಂಟೆ ಹೋಗುತ್ತದೆ.

ವೆಂಕಟಪ್ಪ ಚಿತ್ರಶಾಲೆ ಮತ್ತು ಸರ್ಕಾರಿ ವಸ್ತು ಸಂಗ್ರಹಾಲಯ

ಮ್ಯಾಪ್‌ನಿಂದ ಕೆಲವೇ ನಿಮಿಷದ ನಡಿಗೆ. ಮೈಸೂರು ಅರಮನೆಯ ಚಿತ್ರಕಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಶಿಷ್ಯರಾದ ಕೆ. ವೆಂಕಟಪ್ಪ (1886–1965) ಅವರ ಕೃತಿಗಳಿಗೆಂದೇ ಕಟ್ಟಿದ ಚಿತ್ರಶಾಲೆ ಇದು. ಊಟಿಯ ಮಂಜು ಕವಿದ ಬೆಟ್ಟಗಳ ಜಲವರ್ಣಗಳು, ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಉಬ್ಬು ಶಿಲ್ಪಗಳು ಅವರ ಎರಡು ಮುಖಗಳು. ಅವರು ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತವರೂ ಹೌದು. ಕಟ್ಟಿಂಗೇರಿಯ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ಕೃತಿಗಳೂ ಇದೇ ಚಿತ್ರಶಾಲೆಯ ಸಂಗ್ರಹದಲ್ಲಿವೆ. ಕರ್ನಾಟಕದ ಆಧುನಿಕ ಕಲೆಯ ಬೇರು ನೋಡಬೇಕೆನ್ನುವವರಿಗೆ ಖರ್ಚು ಅತ್ಯಲ್ಪ, ಪ್ರತಿಫಲ ಅತಿ ಹೆಚ್ಚು.

ಪಕ್ಕದ ಕೆಂಪು ಕಟ್ಟಡದ ಮ್ಯೂಸಿಯಂ 1865ರಲ್ಲಿ ಸ್ಥಾಪನೆಯಾದದ್ದು. ಕನ್ನಡಿಗರು ತಪ್ಪಿಸಬಾರದ ಆತಕೂರಿನ ವೀರಗಲ್ಲು ಇದರ ಸಂಗ್ರಹದಲ್ಲಿದೆ. ಹತ್ತನೇ ಶತಮಾನದ ಈ ಕಲ್ಲು, ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಮತ್ತು ಗಂಗರ ಬೂತುಗ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ್ದನ್ನು ಹೇಳುತ್ತದೆ. ಜೊತೆಗೆ ಹಂದಿಯೊಡನೆ ಕಾದಾಡಿ ಸತ್ತ 'ಕಾಳಿ' ಎಂಬ ನಾಯಿಯನ್ನೂ ನೆನೆಯುತ್ತದೆ. ನಾಯಿ, ಹಂದಿ ಎರಡನ್ನೂ ಕಲ್ಲಿನಲ್ಲಿ ಕಡೆದಿದ್ದಾರೆ. ಎಂಟು ಹತ್ತು ವರ್ಷದ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ನಗರದ ಯಾವ ಗ್ಯಾಲರಿಯಲ್ಲೂ ಸಿಗುವುದಿಲ್ಲ.

ಇಲ್ಲಿ ಕಾರ್ಯಕ್ರಮಗಳು ಕಡಿಮೆ, ವಿವರಣೆಯೂ ಕಡಿಮೆ. ಹಳೆಯ ಕಟ್ಟಡಗಳಾದ್ದರಿಂದ ದುರಸ್ತಿಗೆಂದು ಮುಚ್ಚುವುದುಂಟು. ಹೊರಡುವ ದಿನ ಬೆಳಗ್ಗೆ ತೆರೆದಿದೆಯೇ ಎಂದು ಕೇಳಿಯೇ ಹೊರಡಿ. ಇದನ್ನು ವಾರದ ಮುಖ್ಯ ಭೇಟಿಯಾಗಿಸಿಕೊಳ್ಳದೆ, ಮ್ಯಾಪ್‌ಗೆ ಬಂದ ದಿನವೇ ಒಂದು ಗಂಟೆ ಜೋಡಿಸಿಕೊಳ್ಳಿ. ಮುಚ್ಚಿದ್ದರೂ ದಿನ ಹಾಳಾಗುವುದಿಲ್ಲ.

ಚಿತ್ರಕಲಾ ಪರಿಷತ್ತು, ಕುಮಾರಕೃಪಾ ರಸ್ತೆ

1960ರಲ್ಲಿ ಶುರುವಾದ, ಎಂ.ಎಸ್. ನಂಜುಂಡರಾಯರು ಕಟ್ಟಿ ಬೆಳೆಸಿದ ಪರಿಷತ್ತಿನಲ್ಲಿ ಎರಡು ಬೇರೆ ಬೇರೆ ಲೋಕಗಳಿವೆ. ಹೆಚ್ಚಿನವರು ಒಂದನ್ನು ಮಾತ್ರ ನೋಡಿ ಮರಳುತ್ತಾರೆ.

ಮೊದಲನೆಯದು ಶಾಶ್ವತ ಸಂಗ್ರಹ. ಮೈಸೂರು ಸಾಂಪ್ರದಾಯಿಕ ಚಿತ್ರಗಳು, ತೊಗಲು ಗೊಂಬೆಗಳು, ನಿಕೊಲಸ್ ಮತ್ತು ಸ್ವೆತೊಸ್ಲಾವ್ ರೋರಿಕ್‌ರ ಹಿಮಾಲಯ, ಉದ್ಯಮಿ ಎಚ್.ಕೆ. ಕೇಜ್ರಿವಾಲ್ ಅವರ ಸಂಗ್ರಹ, ಕೃಷ್ಣಾ ರೆಡ್ಡಿಯವರ ಮುದ್ರಣ ಚಿತ್ರಗಳು. ಮೈಸೂರು ಚಿತ್ರದ ಮುಂದೆ ನೇರವಾಗಿ ಮಾತ್ರ ನಿಲ್ಲಬೇಡಿ, ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಚಿನ್ನದ ರೇಕಿನ ಕೆಳಗಿನ ಗೆಸ್ಸೊ (ಅಂಟು ಬೆರೆಸಿದ ಬಿಳಿ ಪುಡಿಯ ಲೇಪ) ಉಬ್ಬು ಎಷ್ಟು ತೆಳು ಎಂಬುದು ಆಗಲೇ ಕಾಣುವುದು. ತಂಜಾವೂರಿನ ಚಿತ್ರದಲ್ಲಿ ಆ ಉಬ್ಬು ದಪ್ಪ, ಮೇಲೆ ಗಾಜು ಮಣಿಗಳೂ ಇರುತ್ತವೆ. ಒಮ್ಮೆ ಈ ವ್ಯತ್ಯಾಸ ಕಣ್ಣಿಗೆ ಸಿಕ್ಕಿದರೆ ಅಂಗಡಿಯಲ್ಲಿ ಕೊಳ್ಳುವಾಗಲೂ ಮೋಸ ಹೋಗುವುದಿಲ್ಲ. ತೊಗಲು ಗೊಂಬೆಗಳನ್ನು ನೋಡುವಾಗ ಅವು ಪರದೆಯ ಹಿಂದೆ ದೀಪದ ಬೆಳಕಿಗೆಂದು ಮಾಡಿದವು ಎಂಬುದನ್ನು ಮಕ್ಕಳಿಗೆ ನೆನಪಿಸಿ. ಮೈತುಂಬ ರಂಧ್ರಗಳು ಏಕಿವೆ ಎಂಬುದು ತಾನಾಗಿ ಹೊಳೆಯುತ್ತದೆ.

ಎರಡನೆಯದು ಬಾಡಿಗೆ ಗ್ಯಾಲರಿಗಳು. ಕಲಾವಿದರು ಕೆಲವು ದಿನಗಳಿಗೆಂದು ಪಡೆದು ತಮ್ಮ ಕೃತಿಗಳನ್ನು ಇಡುತ್ತಾರೆ. ಪ್ರವೇಶ ಉಚಿತ. ಗುಣಮಟ್ಟ ವಾರದಿಂದ ವಾರಕ್ಕೆ ಏರಿಳಿಯುತ್ತದೆ, ಆದರೆ ಬೇರೆಲ್ಲೂ ಸಿಗದ ಒಂದು ಲಾಭ ಇಲ್ಲಿದೆ. ಕಲಾವಿದರೇ ಕುರ್ಚಿ ಹಾಕಿಕೊಂಡು ಅಲ್ಲಿ ಕೂತಿರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. 'ಈ ಬಣ್ಣ ಹೇಗೆ ಬಂತು, ಒಣಗಲು ಎಷ್ಟು ದಿನ ಬೇಕಾಯಿತು' ಎಂದು ಕೇಳಿ. ಕಲಾ ಶಾಲೆಗೆ ಸೇರುವ ಆಸೆಯಿರುವ ಹುಡುಗ ಹುಡುಗಿಯರಿಗೆ ಇಂಥ ಹತ್ತು ನಿಮಿಷ ಯಾವ ಉಪನ್ಯಾಸಕ್ಕೂ ಕಡಿಮೆಯಲ್ಲ. ಕೊಳ್ಳುವ ಮನಸ್ಸಿದ್ದರೆ ಕೃತಿಯ ಹಿಂಬದಿ ನೋಡಿ, ಸಹಿ, ವರ್ಷ, ಮಾಧ್ಯಮ ಬರೆದ ದೃಢೀಕರಣ ಪತ್ರ ಕೇಳಿ ಪಡೆಯಿರಿ.

ಶಾಶ್ವತ ಸಂಗ್ರಹಕ್ಕೆ ವಾರದ ದಿನವೇ ಬನ್ನಿ, ಭಾನುವಾರ ನಂಬಿಕೊಳ್ಳಬೇಡಿ. ಜನವರಿ ಆರಂಭದ ಭಾನುವಾರ ನಡೆಯುವ ಚಿತ್ರಸಂತೆಯಂದು ಕುಮಾರಕೃಪಾ ರಸ್ತೆಯೇ ಗ್ಯಾಲರಿಯಾಗುತ್ತದೆ. ಅಂದು ಕೊಳ್ಳುವುದಕ್ಕೆ ಬನ್ನಿ, ನಿಧಾನವಾಗಿ ನೋಡುವುದಕ್ಕಲ್ಲ. ಮಧ್ಯಾಹ್ನದ ಹೊತ್ತಿಗೆ ನಿಲ್ಲಲೂ ಜಾಗವಿರುವುದಿಲ್ಲ.

ಯಾವ ಬಗೆಯ ಕಾರ್ಯಕ್ರಮ?

ಒಂದೇ ಒಂದನ್ನು ಆರಿಸುವುದಾದರೆ ಕ್ಯುರೇಟರ್ ಅಥವಾ ಕಲಾವಿದರ ಜೊತೆಗಿನ ನಡಿಗೆಯನ್ನು ಆರಿಸಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಯಾವ ಕೃತಿಯ ಪಕ್ಕ ಯಾವುದನ್ನು ಏಕೆ ಇಟ್ಟರು ಎಂಬುದು ಅವರಿಗಷ್ಟೇ ಗೊತ್ತು. ಅರ್ಧ ಗಂಟೆ ಮೊದಲೇ ಹೋಗಿ ಪ್ರದರ್ಶನವನ್ನು ನೀವೇ ಒಂದು ಸುತ್ತು ನೋಡಿಕೊಳ್ಳಿ. ಇಲ್ಲದಿದ್ದರೆ ಕಿವಿ ಮಾತಿನ ಹಿಂದೆ, ಕಣ್ಣು ಚಿತ್ರದ ಹಿಂದೆ ಹೋಗಿ ಎರಡೂ ಅರೆಬರೆಯಾಗುತ್ತದೆ. ಗುಂಪು ಇಪ್ಪತ್ತು ಮೀರಿದರೆ ಹಿಂದಿನವರಿಗೆ ಏನೂ ಕೇಳಿಸದು, ಕೃತಿಯ ಬದಿಯಲ್ಲಿ ನಿಲ್ಲಿ.

ಉಪನ್ಯಾಸಕ್ಕೆ ಸಾಮಾನ್ಯವಾಗಿ ಶುಲ್ಕವಿಲ್ಲ, ನೋಂದಣಿ ಮಾತ್ರ ಬೇಕು. ಸೀಟು ತುಂಬಿದೆ ಎಂದು ಆನ್‌ಲೈನ್‌ನಲ್ಲಿ ಕಂಡರೂ ಪೂರ್ತಿ ಕೈಬಿಡಬೇಡಿ. ಉಚಿತವಾಗಿ ಹೆಸರು ಬರೆಸಿದವರಲ್ಲಿ ಹಲವರು ಬರುವುದಿಲ್ಲ, ಶುರುವಾಗುವ ಹೊತ್ತಿಗೆ ಖಾಲಿ ಕುರ್ಚಿಗಳನ್ನು ಕಾದವರಿಗೆ ಕೊಡುವುದು ರೂಢಿ. ಪ್ರದರ್ಶನವನ್ನು ಮೊದಲೇ ನೋಡಿದವರಿಗೆ ಉಪನ್ಯಾಸ ಚೆನ್ನಾಗಿ ದಕ್ಕುತ್ತದೆ. ಹಾಗಾಗಿ ಶನಿವಾರ ಸಂಜೆ ಉಪನ್ಯಾಸವಿದ್ದರೆ ಬುಧವಾರವೋ ಗುರುವಾರವೋ ಪ್ರದರ್ಶನ ನೋಡಿ ಮುಗಿಸಿ.

ಕಾರ್ಯಾಗಾರಕ್ಕೆ ಶುಲ್ಕ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ: ಸಾಮಗ್ರಿ ಸೇರಿದೆಯೇ, ವಯಸ್ಸಿನ ಮಿತಿಯೇನು, ಪೋಷಕರು ಜೊತೆಗಿರಬೇಕೇ. ಎಂಟು ವರ್ಷದ ಒಳಗಿನ ಮಕ್ಕಳು ಒಂದೂವರೆ ಗಂಟೆ ದಾಟಿದರೆ ರಗಳೆ ಮಾಡುತ್ತಾರೆ. ಅರ್ಧ ದಿನದ ಕಾರ್ಯಾಗಾರ ಅವರಿಗೆ ಬೇಡ. ಅಚ್ಚು ಮುದ್ರಣ, ಸಯನೊಟೈಪ್ (ಬಿಸಿಲಿನಿಂದ ನೀಲಿ ಅಚ್ಚು ಮೂಡಿಸುವ ವಿಧಾನ) ಇಂಥವುಗಳಲ್ಲಿ ಬಟ್ಟೆಗೆ ಹತ್ತಿದ ಬಣ್ಣ ಹೋಗದು, ಹಳೆಯ ಉಡುಪನ್ನೇ ಹಾಕಿ ಕಳಿಸಿ. ಸಯನೊಟೈಪ್‌ಗೆ ಬಿಸಿಲು ಬೇಕು. ಜುಲೈ ಆಗಸ್ಟಿನ ಮೋಡದ ದಿನಗಳಲ್ಲಿ ಅಚ್ಚು ಪೇಲವವಾಗಿ ಬರುವ ಸಂಭವ ಹೆಚ್ಚು, ಯುವಿ (ನೇರಳಾತೀತ) ದೀಪ ಇಟ್ಟಿದ್ದಾರೆಯೇ ಎಂದು ಕೇಳಿ.

ಉದ್ಘಾಟನೆಯ ಸಂಜೆ ಜನರನ್ನು ಭೇಟಿಯಾಗಲು ಒಳ್ಳೆಯದು, ಚಿತ್ರ ನೋಡಲು ಅಲ್ಲ.

ನಿಮ್ಮ ವಾರಕ್ಕೆ ಯಾವುದು

ದಿನಾಂಕ ಗೊತ್ತುಮಾಡಿದ ಕಾರ್ಯಕ್ರಮವನ್ನು ಮೊದಲು ಹಿಡಿಯಿರಿ, ಗ್ಯಾಲರಿ ಭೇಟಿಯನ್ನು ಅದರ ಸುತ್ತ ಜೋಡಿಸಿ. ಗೋಡೆಯ ಚಿತ್ರ ಬುಧವಾರವೂ ಇರುತ್ತದೆ, ಶುಕ್ರವಾರವೂ ಇರುತ್ತದೆ, ನಡಿಗೆ ಒಂದೇ ದಿನ.

ಖರ್ಚು ಕಡಿಮೆ ಇರಬೇಕೆನ್ನುವ ವಿದ್ಯಾರ್ಥಿಗಳು ರಾಷ್ಟ್ರೀಯ ಗ್ಯಾಲರಿಗೆ ಒಂದು ಬೆಳಗ್ಗೆ, ಪರಿಷತ್ತಿಗೆ ಒಂದು ಮಧ್ಯಾಹ್ನ ಕೊಟ್ಟು, ಎಲ್ಲಿಯಾದರೂ ಒಂದು ಉಚಿತ ಉಪನ್ಯಾಸ ಕೇಳಿದರೆ ನೂರು ರೂಪಾಯಿಯೊಳಗೆ ಟಿಕೆಟ್ ಖರ್ಚು ಮುಗಿಯುತ್ತದೆ. ಗುರುತಿನ ಚೀಟಿ ಇಟ್ಟುಕೊಳ್ಳಿ, ರಿಯಾಯಿತಿ ಸಿಗುವುದು ಅದನ್ನು ತೋರಿಸಿದರೆ ಮಾತ್ರ. ಚಿಕ್ಕ ಮಕ್ಕಳಿರುವ ಮನೆಯವರು ಮ್ಯಾಪ್‌ನ ಕಿರು ಕಾರ್ಯಾಗಾರ, ಅದೇ ದಿನ ಕಾಳಿ ನಾಯಿಯ ವೀರಗಲ್ಲು, ಕೊನೆಗೆ ಕಬ್ಬನ್ ಪಾರ್ಕು, ಇಷ್ಟಕ್ಕೆ ನಿಲ್ಲಿಸಿ. ಇನ್ನೊಂದು ದಿನ ತೊಗಲು ಗೊಂಬೆಗಳಿಗೆ ಪರಿಷತ್ತು. ಹಿರಿಯರ ಜೊತೆ ಬರುವವರು ಮಂಗಳವಾರದಿಂದ ಗುರುವಾರದೊಳಗೆ, ಬಾಗಿಲು ತೆರೆದ ಹೊತ್ತಿಗೇ ಮ್ಯಾಪ್‌ಗೆ ಹೋಗಿ. ಎರಡು ಅಂತಸ್ತು ನೋಡಿ ಊಟಕ್ಕೆ ಇಳಿಯಿರಿ, ಐದೂ ಅಂತಸ್ತು ಹತ್ತಿಸಬೇಡಿ. ಹೊರನಾಡಿನಿಂದ ಬಂದವರಿಗೆ ರಾಷ್ಟ್ರೀಯ ಗ್ಯಾಲರಿ ಮತ್ತು ವೆಂಕಟಪ್ಪ ಚಿತ್ರಶಾಲೆ. ಈ ಎರಡರಲ್ಲಿ ಇರುವುದು ಹೊರನಾಡಿನಲ್ಲಿ ಸಿಗುವುದಿಲ್ಲ. ಚಿತ್ರ ಬರೆಯುವವರೇ ಆಗಿದ್ದರೆ ಒಂದೇ ಜಾಗಕ್ಕೆ ಎರಡು ಸಲ ಹೋಗಿ. ಮೊದಲ ದಿನ ಪೂರ್ತಿ ಸುತ್ತಿ ಮೂರು ಕೃತಿ ಗುರುತಿಸಿ, ಎರಡನೇ ದಿನ ಅವುಗಳ ಮುಂದಷ್ಟೇ ಕೂತು ಸ್ಕೆಚ್ ಮಾಡಿ.

ಎಲ್ಲಿಗೆ ಹೋದರೂ ದೊಡ್ಡ ಚೀಲ ಬಾಗಿಲಲ್ಲೇ ಉಳಿಯುತ್ತದೆ, ಲ್ಯಾಪ್‌ಟಾಪ್ ಮನೆಯಲ್ಲೇ ಇರಲಿ. ಟಿಪ್ಪಣಿಗೆ ಪೆನ್ ಬೇಡ, ಪೆನ್ಸಿಲ್ ಇರಲಿ. ಶಾಯಿ ಕೃತಿಗೆ ತಾಗಿದರೆ ತೆಗೆಯಲಾಗದು, ಅದಕ್ಕೇ ಹಲವೆಡೆ ಪೆನ್ ಹಿಡಿದರೆ ಕಾವಲಿನವರು ತಡೆಯುತ್ತಾರೆ. ಫೋಟೊ ತೆಗೆಯಬಹುದೇ ಎಂಬ ನಿಯಮ ಪ್ರದರ್ಶನದಿಂದ ಪ್ರದರ್ಶನಕ್ಕೆ ಬದಲಾಗುತ್ತದೆ, ಪ್ರತಿ ಗ್ಯಾಲರಿಯ ಬಾಗಿಲಲ್ಲೂ ಕೇಳಿ. ಫ್ಲಾಶ್ ಎಲ್ಲಿಯೂ ಬೇಡ. ಟಿಕೆಟ್ ಕೌಂಟರ್ ಮ್ಯೂಸಿಯಂ ಮುಚ್ಚುವುದಕ್ಕೆ ಅರ್ಧ ಗಂಟೆ ಮುಂಚೆಯೇ ಮುಚ್ಚಬಹುದು. ಸಂಜೆ ನಾಲ್ಕರ ನಂತರ ಹೊರಡುವವರು ಮೊದಲು ಆ ವೇಳೆಯನ್ನು ನೋಡಿಕೊಳ್ಳಿ.